ತತ್ತಿ ತಿನ್ನುವ ಕರೆವ್ವನನ್ನು ಏನು ಮಾಡಲಿ?

ಮಾಳಮಡ್ಡಿ ಹಿತ್ತಲು (ಧಾರವಾಡ), ಏಪ್ರಿಲ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಒಂಬತ್ತು ಹೇಂಟೆ, ಒಂದು ಹುಂಜ ಇವೆ. ಆರು ಜವಾರಿ, ಅತ್ತೆಯವರು ಲಕ್ಷ್ಮೇಶ್ವರದ ಕಡೆಯಿಂದ ತಂದವು. ಉಳಿದ ಮೂರು ಗಿರಿರಾಜ ತಳಿಯವು. ತತ್ತಿಗೆ ಬಂದ ಕೋಳಿ ಎಂದು ಹೇಳಿ ಒಬ್ಬ ಗಾಡಿಯವನು ಫೆಬ್ರುವರಿಯಲ್ಲಿ ಕೊಟ್ಟುಹೋದ. ದಿನಕ್ಕೆ ಐದಾರು ತತ್ತಿ ಸಿಗುತ್ತಿದ್ದವು. ಈಗ ಹದಿನೈದು ದಿನಗಳಿಂದ ಎರಡು, ಕೆಲವು ದಿನ ಒಂದೇ. ಗೂಡಿನಲ್ಲಿ ಲೋಳೆ ಬಿದ್ದಿರುತ್ತದೆ, ಸಿಪ್ಪೆಯ ಚೂರು ಅಂಟಿರುತ್ತದೆ.

ಮೊನ್ನೆ ಶಾಲೆಯಿಂದ ಬಂದು ನೋಡಿದರೆ ಕರೆವ್ವನ ಕೊಕ್ಕಿಗೆ ಹಳದಿ ಹತ್ತಿತ್ತು. ಕರೆವ್ವ ಎಂದರೆ ನಮ್ಮ ಕಪ್ಪು ಜವಾರಿ, ಹೆಸರಿಟ್ಟವಳು ಮಗಳು. ಅಂದಿನಿಂದ ಅದನ್ನು ಬುಟ್ಟಿಯ ಕೆಳಗೆ ಮುಚ್ಚಿ ಇಟ್ಟಿದ್ದೇನೆ. ಇಂದಿಗೆ ಮೂರು ದಿನ. ಇನ್ನೊಂದು ತಾಪತ್ರಯ: ಎರಡು ಕೋಳಿಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತಿದೆ. ಒಂದರ ಬಾಲದ ಬುಡದಲ್ಲಿ ರಕ್ತ. ಅದನ್ನೂ ಕರೆವ್ವನೇ ಕುಕ್ಕಿರಬೇಕು ಎಂದು ನನ್ನ ಅನುಮಾನ. ನಮ್ಮ ಮನೆಯವರು ಭಾನುವಾರದ ಬಗ್ಗೆ ಮಾತನಾಡತೊಡಗಿದ್ದಾರೆ. ಮಗಳು ಊಟ ಬಿಟ್ಟು ಕುಳಿತಿದ್ದಾಳೆ. ಏನು ಮಾಡಲಿ?

ಬ್ಯಾಡಗಿಯ ಕೆಂಪು (ಹಾವೇರಿ ಜಿಲ್ಲೆ), ಏಪ್ರಿಲ್ 9, ರಾತ್ರಿ 10.05

ಇದಕ್ಕೆ ಇಷ್ಟು ಚಿಂತೆ ಏಕೆ ಅಕ್ಕ? ಒಂದು ತತ್ತಿಗೆ ಸೂಜಿಯಿಂದ ತೂತು ಮಾಡಿ ಒಳಗಿನದನ್ನು ಊದಿ ತೆಗೆಯಿರಿ. ಖಾಲಿ ಸಿಪ್ಪೆಯಲ್ಲಿ ಖಾರಪುಡಿ ತುಂಬಿ, ಮೇಣದಿಂದ ಮುಚ್ಚಿ ಗೂಡಿನಲ್ಲಿ ಇಡಿ. ಒಮ್ಮೆ ಬಾಯಿ ಸುಟ್ಟಿತೆಂದರೆ ಜನ್ಮದಲ್ಲಿ ಮತ್ತೆ ಮುಟ್ಟುವುದಿಲ್ಲ. ಪುಡಿ ನಮ್ಮೂರಿನದೇ ಇರಲಿ.

ಉಣಕಲ್ ದಂಡೆ (ಹುಬ್ಬಳ್ಳಿ), ಏಪ್ರಿಲ್ 9, ರಾತ್ರಿ 10.20

ತತ್ತಿಯ ರುಚಿ ಹತ್ತಿದ ಕೋಳಿ ಬಿಡುವುದಿಲ್ಲ, ಉಳಿದವಕ್ಕೂ ಕಲಿಸುತ್ತದೆ. ನಿಮ್ಮ ಮನೆಯವರು ಹೇಳಿದ್ದೇ ಸರಿ. ರೊಟ್ಟಿಯ ಜೊತೆಗೆ ಚೆನ್ನಾಗಿರುತ್ತದೆ.

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 9, ರಾತ್ರಿ 11.15

ಬ್ಯಾಡಗಿ ಅಣ್ಣ, ಬೇಸರ ಮಾಡಿಕೊಳ್ಳಬೇಡಿ. ಕೋಳಿಗೆ ಖಾರ ಹತ್ತುವುದಿಲ್ಲ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ನರಗಳನ್ನು ಕೆಣಕುತ್ತದೆ, ಹಸು, ಇಲಿ, ಅಳಿಲುಗಳದ್ದನ್ನೂ ಕೆಣಕುತ್ತದೆ. ಹಕ್ಕಿಗಳ ನರಗಳು ಅದಕ್ಕೆ ಮಿಸುಕುವುದಿಲ್ಲ. ಕಾಡು ಮೆಣಸಿನಗಿಡ ತನ್ನ ಬೀಜವನ್ನು ದೂರಕ್ಕೆ ಕಳಿಸುವುದೂ ಹಕ್ಕಿಗಳ ಹೊಟ್ಟೆಯ ಮೂಲಕವೇ. ಸಾಲದ್ದಕ್ಕೆ ಬ್ಯಾಡಗಿ ಕಾಯಿ ಪ್ರಸಿದ್ಧವಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಕರೆವ್ವ ಆ ಪುಡಿಯನ್ನು ಖುಷಿಯಿಂದ ತಿಂದು, ಮುಂದಿನ ವಾರ ಕೆಂಪು ಹಳದಿಯ ತತ್ತಿ ಇಟ್ಟೀತು ಅಷ್ಟೆ.

ಬ್ಯಾಡಗಿಯ ಕೆಂಪು, ಏಪ್ರಿಲ್ 9, ರಾತ್ರಿ 11.22

ನಮ್ಮ ಅಜ್ಜ ನಲವತ್ತು ವರ್ಷ ಮಾಡಿದ ಉಪಾಯ ಇದು.

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 9, ರಾತ್ರಿ 11.30

ನಲವತ್ತು ವರ್ಷ ಮಾಡಬೇಕಾಯಿತು ಎಂದರೆ ನಾಟಲಿಲ್ಲ ಎಂದೇ ಅಲ್ಲವೇ ಅಣ್ಣ!

ಹುಲಕೋಟಿ ಶೇಂಗಾ (ಗದಗ ಜಿಲ್ಲೆ), ಏಪ್ರಿಲ್ 10, ಬೆಳಿಗ್ಗೆ 6.10

ಟೀಚರ್, ನಾನು ಹತ್ತೊಂಬತ್ತು ವರ್ಷಗಳಿಂದ ಕೋಳಿ ಸಾಕುತ್ತಿದ್ದೇನೆ, ಈಗ ನಲವತ್ತು ಇವೆ. ಮೊದಲೇ ಹೇಳುತ್ತೇನೆ, ನೀವು ಆರೋಪಿಯನ್ನು ಹಿಡಿದಿದ್ದೀರಿ, ಆದರೆ ಪಂಚನಾಮೆ ಮಾಡಿಲ್ಲ. ಇಷ್ಟಕ್ಕೆ ಉತ್ತರ ಕೊಡಿ. ತತ್ತಿ ಇಡುವ ಗೂಡು ಎಷ್ಟು? ಅದರ ತಳದಲ್ಲಿ ಏನು ಹಾಕಿದ್ದೀರಿ? ಗೂಡಿನ ಬಾಯಿ ಯಾವ ದಿಕ್ಕಿಗಿದೆ? ಹೊಟ್ಟೆಗೆ ಏನು ಹಾಕುತ್ತೀರಿ? ದಿನಕ್ಕೆ ಎಷ್ಟು ಸಲ ತತ್ತಿ ತೆಗೆಯುತ್ತೀರಿ? ಸಿಪ್ಪೆ ಗಟ್ಟಿಯಿದೆಯೋ, ಹಿಡಿದರೆ ಬೆರಳು ಒಳಗೆ ಹೋಗುವ ಹಾಗಿದೆಯೋ? ಮೂರು ಹೊಸ ಕೋಳಿ ತಂದ ದಿನ ಹೇಗೆ ಬಿಟ್ಟಿರಿ?

ಭಾನುವಾರದವರೆಗೆ ಕತ್ತಿ ಒಳಗಿರಲಿ.

ಮಾಳಮಡ್ಡಿ ಹಿತ್ತಲು, ಏಪ್ರಿಲ್ 10, ಸಂಜೆ 7.00

ಕಾಕಾ, ಪರೀಕ್ಷೆಯಲ್ಲಿ ಕುಳಿತ ಹಾಗಾಯಿತು. ಗೂಡು ಒಂದೇ, ಹಳೆಯ ಸಿಮೆಂಟ್ ತೊಟ್ಟಿ ಮಗುಚಿ ಬಾಯಿ ಒಡೆದು ಮಾಡಿದ್ದು. ತಳ ಕಡಪಾ ಕಲ್ಲು. ಹುಲ್ಲು ಹಾಕಿದರೆ ಕೆದರಿ ಹೊರಗೆ ಎಸೆಯುತ್ತವೆ, ಅದಕ್ಕೇ ಬಿಟ್ಟೆ. ಬಾಯಿ ಪಡುವಣಕ್ಕಿದೆ, ಮೇಲೆ ಪತ್ರಾಸ್ ತಗಡು. ಹೊಟ್ಟೆಗೆ ಜೋಳ, ಅಕ್ಕಿ ನುಚ್ಚು, ಉಳಿದ ಅನ್ನ, ರೊಟ್ಟಿ ಚೂರು. ತತ್ತಿ ತೆಗೆಯುವುದು ಶಾಲೆಯಿಂದ ಬಂದ ಮೇಲೆ, ಸಂಜೆ ಐದಕ್ಕೆ. ಸಿಪ್ಪೆ ಈಚೆಗೆ ತೆಳ್ಳಗಾಗಿದೆ, ನಿಜ. ಹೊಸವನ್ನು ತಂದ ದಿನ ನೇರವಾಗಿ ಒಳಗೆ ಬಿಟ್ಟೆವು. ಒಂದು ವಾರ ಮಹಾಭಾರತವೇ ನಡೆಯಿತು.

ಹುಲಕೋಟಿ ಶೇಂಗಾ, ಏಪ್ರಿಲ್ 10, ರಾತ್ರಿ 8.30

ಉತ್ತರ ನೀವೇ ಬರೆದಿದ್ದೀರಿ. ಆದರೂ ನನ್ನ ಮಾತಿನ ಮೇಲೆ ಹೋಗಬೇಡಿ. ನಿಮಗೆ ಬೇಸಿಗೆ ರಜೆ ಬರುತ್ತಿದೆಯಲ್ಲ, ಒಂದು ದಿನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಹಿತ್ತಲಿನಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತುಕೊಳ್ಳಿ. ಮೊಬೈಲ್ ಒಳಗಿಡಿ. ಕರೆವ್ವನನ್ನೂ ಹೊರಗೆ ಬಿಡಿ. ಏನು ಕಂಡಿತೋ ಅದನ್ನು ಬರೆಯಿರಿ.

ಉಣಕಲ್ ದಂಡೆ, ಏಪ್ರಿಲ್ 10, ರಾತ್ರಿ 8.41

ಐದು ತಾಸು ಕೋಳಿ ನೋಡುತ್ತ ಕೂರುವುದೇ? ಕೊಕ್ಕಿನ ತುದಿಯನ್ನು ಕಾದ ಕಬ್ಬಿಣದಿಂದ ಸುಟ್ಟರೆ ಮುಗಿಯಿತು. ದೊಡ್ಡ ಫಾರ್ಮ್‌ಗಳಲ್ಲಿ ಮಾಡುವುದು ಅದನ್ನೇ.

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 10, ರಾತ್ರಿ 9.10

ಫಾರ್ಮ್‌ನಲ್ಲಿ ಅದನ್ನು ಮರಿ ಇದ್ದಾಗ ಯಂತ್ರದಿಂದ ಮಾಡುತ್ತಾರೆ, ಸಾವಿರಾರು ಕೋಳಿ ಒತ್ತೊತ್ತಾಗಿ ಇರುವಲ್ಲಿ. ಕೊಕ್ಕಿನ ತುದಿ ನಮ್ಮ ಉಗುರಿನ ಹಾಗೆ ಸತ್ತ ಭಾಗವಲ್ಲ, ಅದರೊಳಗೆ ನರ ಇದೆ, ರಕ್ತ ಇದೆ. ಬೆಳೆದ ಕೋಳಿಗೆ ಮನೆಯಲ್ಲಿ ಕಬ್ಬಿಣ ಕಾಯಿಸಿ ಇಡುವುದು ಕ್ರೌರ್ಯ. ನೋವಿಗೆ ಮೇವನ್ನೇ ಬಿಡುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ಮಾಳಮಡ್ಡಿ ಹಿತ್ತಲು, ಏಪ್ರಿಲ್ 14, ಮಧ್ಯಾಹ್ನ 2.30

ಕಾಕಾ, ಕುಳಿತೆ. ನಿನ್ನೆಯೂ, ಇಂದೂ. ಅತ್ತೆಯವರು ಮೊದಲು ನಕ್ಕರು, ಆಮೇಲೆ ತಮ್ಮ ಶೇಂಗಾ ಬುಟ್ಟಿ ತಂದು ಪಕ್ಕದಲ್ಲೇ ಸುಲಿಯುತ್ತ ಕುಳಿತರು.

ಎಂಟೂವರೆಗೆ ಮೊದಲ ಜವಾರಿ ತೊಟ್ಟಿಯೊಳಗೆ ಹೋಯಿತು. ಒಂಬತ್ತಕ್ಕೆ ತತ್ತಿ ಇಟ್ಟು ಹೊರಬಂದು ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಒಂಬತ್ತೂ ಹತ್ತಕ್ಕೆ ಎರಡನೆಯದು ಹೋಯಿತು. ಅದು ಕುಳಿತಿರುವಾಗಲೇ ದೊಡ್ಡ ಗಿರಿರಾಜ ಬಂದು ಬಾಗಿಲಲ್ಲಿ ನಿಂತಿತು. ಕಾಲು ಬದಲಿಸಿತು, ಕತ್ತು ಒಳಗೆ ಹಾಕಿತು, ಹೊರಗೆ ತೆಗೆಯಿತು. ಕೊನೆಗೆ ತಡೆಯಲಾರದೆ ಒಳಗೆ ನುಗ್ಗಿ ಅದರ ಮೇಲೆಯೇ ಏರಿ ಕುಳಿತಿತು. ಹಿಂದೆಯೇ ಮತ್ತೊಂದು. ಒಂದು ತೊಟ್ಟಿಯಲ್ಲಿ ಮೂರು ಕೋಳಿ! ಬೇರೆ ಕಡೆ ಇಡಬಾರದೇ ಎಂದರೆ ಇಲ್ಲ, ಅಲ್ಲೇ ಬೇಕು. ಸ್ವಲ್ಪ ಹೊತ್ತಿಗೆ ಒಳಗೆ ಟಕ್ ಎಂದು ಸದ್ದಾಯಿತು. ಅತ್ತೆಯವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಒಡೆದದ್ದು ಕೊಕ್ಕಿನಿಂದಲ್ಲ, ಕಾಲಿನಿಂದ. ಗಿರಿರಾಜ ಎದ್ದು ತಿರುಗಿ ನಿಂತಾಗ ಕೆಳಗಿನ ತತ್ತಿ ಕಡಪಾ ಕಲ್ಲಿಗೆ ತಾಗಿತು. ಲೋಳೆ ಹರಿಯಿತು. ಒಳಗಿದ್ದ ಮೂರೂ ಕುಕ್ಕಿ ತಿಂದವು. ನಮ್ಮ ಕರೆವ್ವ ಹೊರಗೆ ಕರಿಬೇವಿನ ಗಿಡದ ಕೆಳಗೆ ಇದ್ದಳು. ಎಲ್ಲವೂ ಹೊರಬಂದ ಮೇಲೆ ಒಳಗೆ ಹೋಗಿ ಉಳಿದ ಸಿಪ್ಪೆಯನ್ನು ಬಾಚಿ ತಿಂದು, ಕೊಕ್ಕಿಗೆ ಹಳದಿ ಹಚ್ಚಿಕೊಂಡು ಹೊರಬಂದಳು. ಎರಡು ದಿನವೂ ಇದೇ ಕಥೆ. ಐದು ದಿನ ಬುಟ್ಟಿಯ ಕೆಳಗಿಟ್ಟದ್ದಕ್ಕೆ ಮಗಳು ನನ್ನಿಂದ ಕ್ಷಮೆ ಕೇಳಿಸಿದಳು, ಕೋಳಿಯ ಮುಂದೆಯೇ.

ಬ್ಯಾಡಗಿಯ ಕೆಂಪು, ಏಪ್ರಿಲ್ 14, ಮಧ್ಯಾಹ್ನ 3.00

ಎಂಜಲು ಬಳಿಯಲು ಹೋದವಳ ಮೇಲೆ ಕಳ್ಳತನದ ಆರೋಪ ಬಂದ ಹಾಗಾಯಿತು. ಪಾಪ.

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 14, ರಾತ್ರಿ 9.00

ಅಕ್ಕ, ತುಂಬ ಚೆನ್ನಾಗಿ ನೋಡಿದ್ದೀರಿ. ಈಗ ಸಿಪ್ಪೆ ತೆಳ್ಳಗಾದದ್ದೇಕೆ ಎಂದು ಹೇಳುತ್ತೇನೆ, ಮೂಲ ಇರುವುದು ಅಲ್ಲಿಯೇ.

ಒಂದು ತತ್ತಿಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೋಳ, ನುಚ್ಚು, ಅನ್ನದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೋಳಿ ತನ್ನ ಎಲುಬಿನಿಂದ ತೆಗೆದು ಕೊಡುತ್ತ ಹೋಗುತ್ತದೆ, ಕೊನೆಗೆ ಅದೂ ಸಾಲುವುದಿಲ್ಲ. ಮೇಲೆ ಬೇಸಿಗೆ ಬೇರೆ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಉಸಿರು ಬಿಡುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗುತ್ತದೆ, ಸಿಪ್ಪೆ ಕಟ್ಟಲು ಬೇಕಾದ ಕಾರ್ಬೊನೇಟ್ ಕೊರತೆಯಾಗುತ್ತದೆ. ಪಡುವಣಕ್ಕೆ ಬಾಯಿ, ತಲೆಯ ಮೇಲೆ ಪತ್ರಾಸ್, ಏಪ್ರಿಲ್ ತಿಂಗಳು. ಒಳಗೆ ನೀವೇ ಒಮ್ಮೆ ಕೈ ಹಾಕಿ ನೋಡಿ.

ಬರೀ ಕಾಳು, ನುಚ್ಚು ಹಾಕುವವರು ಗಮನಿಸಿ: ತತ್ತಿ ಇಡುವ ಕೋಳಿಯ ಮೇವಿನಲ್ಲಿ ಪ್ರೋಟೀನ್ ಶೇ. 16ರ ಆಸುಪಾಸು ಇರಬೇಕು. ಜೋಳದಲ್ಲಿ ಇರುವುದು ಶೇ. 10ರಷ್ಟು, ಅಕ್ಕಿಯಲ್ಲಿ ಇನ್ನೂ ಕಡಿಮೆ. ಪುಕ್ಕ ಎಂದರೆ ಬಹುಪಾಲು ಪ್ರೋಟೀನೇ. ಮೇವಿನಲ್ಲಿ ಸಾಲದಿದ್ದರೆ ಪಕ್ಕದವಳ ಬೆನ್ನಿನಿಂದ ಕಿತ್ತು ತಿನ್ನುತ್ತವೆ.

ನರಗುಂದದ ಎರೆ (ಗದಗ ಜಿಲ್ಲೆ), ಏಪ್ರಿಲ್ 14, ರಾತ್ರಿ 9.30

ಕ್ಯಾಲ್ಸಿಯಂಗೆ ಎಲೆ ಅಡಿಕೆಯ ಸುಣ್ಣವನ್ನು ಅನ್ನದಲ್ಲಿ ಕಲಸಿ ಇಡಬಹುದಲ್ಲ? ಮನೆಯಲ್ಲಿ ಇದ್ದೇ ಇರುತ್ತದೆ.

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 14, ರಾತ್ರಿ 9.45

ಬೇಡ ಸರ್. ಅದು ಸುಟ್ಟ ಸುಣ್ಣ, ಕ್ಷಾರ. ಬಾಯಿ, ಗಂಟಲು ಬೇಯುತ್ತದೆ. ಬೇಕಾಗಿರುವುದು ಸುಡದ ಕಲ್ಲು ಅಥವಾ ಚಿಪ್ಪು. ಮೇವಿನ ಅಂಗಡಿಯಲ್ಲಿ ಚಿಪ್ಪಿನ ಚೂರು ಸಿಗುತ್ತದೆ, ಕಾಳಿನ ಗಾತ್ರದ್ದನ್ನು ಆರಿಸಿ, ಪುಡಿ ಬೇಡ. ಬೇರೆ ಬಟ್ಟಲಿನಲ್ಲಿ ಇಡಿ, ಬೇಕಾದವು ಬೇಕಾದಷ್ಟು ತಿನ್ನುತ್ತವೆ. ಇಡುವುದು ಸಂಜೆ. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿಯೇ ನಡೆಯುತ್ತದೆ. ಆಗ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಚೂರು ಇರಬೇಕು.

ಮನೆಯ ತತ್ತಿಯ ಸಿಪ್ಪೆಯನ್ನೇ ಕೊಡುವವರು ಹಂಚಿನ ಮೇಲೆ ಹುರಿದು, ಗುರುತು ಸಿಗದಂತೆ ಪುಡಿ ಮಾಡಿ ಕೊಡಿ. ಅರ್ಧ ಸಿಪ್ಪೆಯನ್ನು ಹಾಗೆಯೇ ಎಸೆದರೆ ಪಾಠ ಹೇಳಿಕೊಟ್ಟಂತೆ.

ಹುಲಕೋಟಿ ಶೇಂಗಾ, ಏಪ್ರಿಲ್ 15, ಬೆಳಿಗ್ಗೆ 6.00

ಗೂಡಿನ ಮಾತು ನನಗೆ ಬಿಡಿ. ನಾಲ್ಕೈದು ಕೋಳಿಗೆ ಒಂದು ಗೂಡು ಲೆಕ್ಕ. ನಿಮಗೆ ಎರಡು ಬೇಕೇ ಬೇಕು, ಮೂರಿದ್ದರೆ ನೆಮ್ಮದಿ. ಹಣ್ಣಿನ ಅಂಗಡಿಯ ಕಟ್ಟಿಗೆ ಪೆಟ್ಟಿಗೆ ಸಾಕು, ಒಂದಡಿ ಅಗಲ, ಒಂದಡಿ ಎತ್ತರ. ಮುಂದೆ ನಾಲ್ಕು ಬೆರಳಿನ ಪಟ್ಟಿ ಹೊಡೆಯಿರಿ, ಹುಲ್ಲು ಹೊರಗೆ ಬೀಳುವುದಿಲ್ಲ. ನೀವು ಹುಲ್ಲು ಹಾಕುವುದನ್ನು ಬಿಟ್ಟದ್ದು ಈ ಪಟ್ಟಿ ಇಲ್ಲದ್ದಕ್ಕೆ. ತಳಕ್ಕೆ ಗೋಣಿಚೀಲದ ಎರಡು ಪದರ, ಮೇಲೆ ಒಂದು ಗೇಣು ಭತ್ತದ ಹುಲ್ಲು ಅಥವಾ ಹೊಟ್ಟು. ಬಾಯಿಗೆ ಗೋಣಿಯ ಪರದೆ ಇಳಿಬಿಡಿ, ನಡುವೆ ಸೀಳಿರಲಿ. ಕತ್ತಲೆ ಇದ್ದರೆ ಕೋಳಿ ತನ್ನ ತತ್ತಿಯನ್ನು ನೋಡುವುದಿಲ್ಲ, ನೋಡದ್ದನ್ನು ಕುಕ್ಕುವುದಿಲ್ಲ. ಬಾಯಿ ಮೂಡಣಕ್ಕೋ ಬಡಗಣಕ್ಕೋ ತಿರುಗಲಿ, ಪತ್ರಾಸ್ ಮೇಲೆ ಒದ್ದೆ ಗೋಣಿ ಅಥವಾ ತೆಂಗಿನ ಗರಿ ಹೊದಿಸಿ.

ಒಂದು ಸುಳ್ಳು ತತ್ತಿಯೂ ಇರಲಿ. ಕಟ್ಟಿಗೆಯದು, ಕಲ್ಲಿನದು, ಯಾವುದಾದರೂ. ಕುಕ್ಕಿ ಕುಕ್ಕಿ ಕೊಕ್ಕು ನೋಯಿಸಿಕೊಂಡು ಸುಮ್ಮನಾಗುತ್ತವೆ. ರಜೆ ಇರುವವರೆಗೆ ಹತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ ತತ್ತಿ ತೆಗೆಯಿರಿ. ಶಾಲೆ ಶುರುವಾದ ಮೇಲೆ ಆ ಕೆಲಸ ನಿಮ್ಮ ಅತ್ತೆಯವರದು.

ಮಾಳಮಡ್ಡಿ ಹಿತ್ತಲು, ಏಪ್ರಿಲ್ 15, ಸಂಜೆ 6.30

ಪೆಟ್ಟಿಗೆ ಬಂದವು. ಸುಳ್ಳು ತತ್ತಿಯ ಕಥೆ ಕೇಳಿ. ನಮ್ಮ ಮನೆಯವರಿಗೆ ಕಲಘಟಗಿಯಲ್ಲಿ ಕೆಲಸವಿತ್ತು. ಅಲ್ಲಿ ತೊಟ್ಟಿಲು ಮಾಡುವವರ ಹತ್ತಿರ ಹೋಗಿ ಒಂದು ಕಟ್ಟಿಗೆಯ ತತ್ತಿ ಕಡೆದು ಕೊಡಿ ಎಂದರಂತೆ. ಅರಗಿನ ಬಣ್ಣ ಹಚ್ಚಲೇ ಎಂದು ಅವರು ಕೇಳಿದರಂತೆ! ಬಿಳಿಯೇ ಇರಲಿ ಎಂದು ತಂದಿದ್ದಾರೆ. ಭಾನುವಾರದ ಮಾತು ಆಡಿದವರೇ ಈಗ ದಿನಕ್ಕೆರಡು ಸಲ ಪರದೆ ಸರಿಸಿ ಇಣುಕುತ್ತಿದ್ದಾರೆ.

ಪುಕ್ಕದ ವಿಷಯ ಇನ್ನೂ ಬಾಕಿ ಇದೆ.

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 15, ರಾತ್ರಿ 10.00

ಪುಕ್ಕ ಎಲ್ಲಿ ಹೋಗಿದೆ ಎನ್ನುವುದೇ ಮುಖ್ಯ ಅಕ್ಕ. ನಡುಬೆನ್ನು, ತಲೆಯ ಹಿಂಭಾಗ ಬೋಳಾಗಿದ್ದರೆ ಅದು ಹುಂಜನ ಕಾಲು ಮತ್ತು ಕೊಕ್ಕಿನ ಕೆಲಸ. ಅದಕ್ಕೆ ಮೆಚ್ಚಿನ ಒಂದೆರಡು ಹೇಂಟೆ ಇರುತ್ತವೆ, ಅವೇ ಬೋಳಾಗುತ್ತವೆ. ಬಾಲದ ಬುಡದಲ್ಲಿ ಪುಕ್ಕ ಹೋಗಿ ರಕ್ತ ಬಂದಿದ್ದರೆ ಬೇರೆ ಕೋಳಿ ಕುಕ್ಕಿದೆ, ಇಲ್ಲವೇ ಹೇನು ಇದೆ. ಕತ್ತು, ಮೈ ಎಲ್ಲ ಕಡೆ ಸಮನಾಗಿ ಉದುರಿ ಹೊಸ ಮೊಳಕೆ ಕಾಣುತ್ತಿದ್ದರೆ ಅದು ಪುಕ್ಕ ಬದಲಿಸುವ ಕಾಲ, ಚಿಂತೆ ಬೇಡ.

ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಕೋಳಿ ಕೂರುವ ಕಟ್ಟಿಗೆಯ ಕೆಳಭಾಗಕ್ಕೆ ಬಿಳಿ ಬಟ್ಟೆ ಒರೆಸಿ ನೋಡಿ. ಕೆಂಪು ಗೆರೆ ಬಂದರೆ ಕೆಂಪು ನುಸಿ ಎಂಬ ಸಣ್ಣ ಹುಳು. ಅದು ಹಗಲೆಲ್ಲ ಬಿರುಕಿನಲ್ಲಿದ್ದು ರಾತ್ರಿ ರಕ್ತ ಹೀರುತ್ತದೆ. ರಕ್ತ ಕಂಡ ಕೋಳಿಯನ್ನು ಇಂದೇ ಬೇರೆ ಇಡಿ. ಕೆಂಪು ಕಂಡರೆ ಎಲ್ಲವೂ ಅಲ್ಲೇ ಕುಕ್ಕುತ್ತವೆ, ಎರಡು ದಿನದಲ್ಲಿ ಜೀವ ಹೋಗಬಹುದು. ಗಾಯಕ್ಕೆ ಅರಿಶಿನ ಮತ್ತು ಬೇವಿನೆಣ್ಣೆ ಹಚ್ಚಿ, ಆಳವಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಮಾಳಮಡ್ಡಿ ಹಿತ್ತಲು, ಏಪ್ರಿಲ್ 16, ರಾತ್ರಿ 9.15

ಬಟ್ಟೆ ಕೆಂಪಾಯಿತು. ನನಗೆ ಆ ಕ್ಷಣ ಮೈಯೆಲ್ಲ ತುರಿಸಿದಂತಾಯಿತು. ಎರಡು ಬೋಳು ಬೆನ್ನು ಹುಂಜನದೇ ಕೆಲಸ, ಇಂದು ಕಣ್ಣಾರೆ ಕಂಡೆ. ಹಾಗಾದರೆ ಕರೆವ್ವ ಈ ಪ್ರಕರಣದಲ್ಲೂ ನಿರ್ದೋಷಿ.

ನರಗುಂದದ ಎರೆ, ಏಪ್ರಿಲ್ 16, ರಾತ್ರಿ 9.40

ಸುಣ್ಣದ ಮಾತಿಗೆ ಬೈಸಿಕೊಂಡೆ, ಈಗ ಅದೇ ಸುಣ್ಣ ಕೆಲಸಕ್ಕೆ ಬರುತ್ತದೆ. ಕಟ್ಟಿಗೆ ತೆಗೆದು ಕುದಿಯುವ ನೀರು ಹೊಯ್ಯಿರಿ, ಬಿಸಿಲಿಗೆ ಒಣಗಿಸಿ, ಗೂಡಿನ ಗೋಡೆ ಬಿರುಕಿಗೆಲ್ಲ ಸುಣ್ಣ ಬಳಿಯಿರಿ. ವಾರ ಬಿಟ್ಟು ಮತ್ತೊಮ್ಮೆ. ಒಂದೇ ಸಲಕ್ಕೆ ಹೋಗುವುದಿಲ್ಲ, ಉಳಿದ ಹುಳುವಿನ ಮೊಟ್ಟೆ ಒಡೆಯುತ್ತವೆ.

ಹುಡಿಯಲ್ಲಿ ಹೊರಳಾಡಲು ಜಾಗ ಇದೆಯೇ? ನಮ್ಮ ಎರೆ ಮಣ್ಣು ಇದಕ್ಕೆ ಆಗದು. ಒಣಗಿದರೆ ಹೆಂಟೆ, ನೆನೆದರೆ ಕಾಲಿಗೆ ಗುಂಡು ಕಟ್ಟುತ್ತದೆ. ಒಂದು ಮಳೆಗಾಲದಲ್ಲಿ ನನ್ನ ಕೋಳಿಗಳ ಬೆರಳಿಗೆ ಗೋಲಿಯಂಥ ಮಣ್ಣುಂಡೆ ಕಟ್ಟಿ, ಬಕೆಟ್ ನೀರಿನಲ್ಲಿ ಒಂದೊಂದನ್ನೇ ನೆನೆಸಿ ಬಿಡಿಸಿದ್ದೇನೆ. ಎರಡು ಪುಟ್ಟಿ ಮಸಾರಿ (ಕೆಂಪು) ಮಣ್ಣು, ಒಂದು ಪುಟ್ಟಿ ಉಸುಕು, ಒಲೆಯ ಬೂದಿ ಸೇರಿಸಿ ಹಳೆಯ ಟೈರಿನಲ್ಲಿ ತುಂಬಿ, ಮಳೆ ತಾಗದ ಕಡೆ ಇಡಿ.

ಉಣಕಲ್ ದಂಡೆ, ಏಪ್ರಿಲ್ 17, ಬೆಳಿಗ್ಗೆ 8.00

ಒಪ್ಪಿಕೊಂಡೆ, ಕರೆವ್ವನ ಪ್ರಾಣ ಉಳಿಯಲಿ. ನನ್ನದೂ ಒಂದು ಪ್ರಶ್ನೆ. ಮುಂದಿನ ವಾರ ನಾಲ್ಕು ಹೇಂಟೆ ತರುತ್ತಿದ್ದೇನೆ. ಟೀಚರ್ ಬರೆದ ಮಹಾಭಾರತ ತಪ್ಪಿಸುವುದು ಹೇಗೆ?

ಗದಗ ಪಶು ವಿದ್ಯಾರ್ಥಿನಿ, ಏಪ್ರಿಲ್ 17, ಮಧ್ಯಾಹ್ನ 1.10

ಪೂರ್ತಿ ತಪ್ಪಿಸಲಾಗದು ಸರ್. ಕೋಳಿಗಳಲ್ಲಿ ಮೇಲು ಕೀಳು ಕಟ್ಟುನಿಟ್ಟು. ನಾರ್ವೆಯ ಥೋರ್ಲೀಫ್ ಷೆಲ್ಡರುಪ್-ಎಬ್ಬೆ ಎನ್ನುವವರು ಬಾಲ್ಯದಿಂದಲೇ ಮನೆಯ ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕುತ್ತಾರೆ ಎಂದು ನೋಡಿ ನೋಡಿ, 1921ರಲ್ಲಿ ಅದನ್ನು ಕುಕ್ಕುವ ಶ್ರೇಣಿ ಎಂದು ಬರೆದರು. ಹೊಸಬರು ಬಂದರೆ ಆ ಶ್ರೇಣಿಯನ್ನೆಲ್ಲ ಮತ್ತೆ ಕಟ್ಟಬೇಕು. ಅದು ಒಂದೆರಡು ವಾರದ ಗಲಾಟೆ. ರಕ್ತ ಬಾರದಿದ್ದರೆ ನಡುವೆ ಹೋಗಬೇಡಿ.

ಮೊದಲ ಮೂರು ವಾರ ದೂರ ಇಡಿ, ರೋಗ ತಂದಿವೆಯೇ ಎಂದು ತಿಳಿಯಲು. ಆಮೇಲೆ ಒಂದು ವಾರ ಜಾಲರಿಯ ಆಚೆ ಈಚೆ, ಪರಸ್ಪರ ಕಾಣುವಂತೆ. ಒಂದನ್ನೇ ತರಬೇಡಿ, ನಾಲ್ಕು ಒಟ್ಟಿಗೆ ಎಂದರೆ ಒಳ್ಳೆಯದು. ಏಟು ಹಂಚಿಹೋಗುತ್ತದೆ. ಮೇವಿನ, ನೀರಿನ ತಟ್ಟೆ ಎರಡೆರಡು ಕಡೆ ಇರಲಿ, ಒಂದರ ಮುಂದೆ ದೊಡ್ಡವಳು ಕಾವಲು ನಿಂತರೆ ಉಳಿದವು ಇನ್ನೊಂದಕ್ಕೆ ಹೋಗಲಿ.

ಯಾವುದೋ ಒಂದು ತೀರಾ ರಾಕ್ಷಸಿಯಂತೆ ಆಡಿದರೆ ಏಟು ತಿಂದವಳನ್ನಲ್ಲ, ಕೊಟ್ಟವಳನ್ನು ನಾಲ್ಕು ದಿನ ಹೊರಗಿಡಿ. ಮರಳಿ ಬಂದಾಗ ಅವಳ ಜಾಗ ಹೋಗಿರುತ್ತದೆ.

ಮಾಳಮಡ್ಡಿ ಹಿತ್ತಲು, ಏಪ್ರಿಲ್ 17, ಸಂಜೆ 7.20

ಅಯ್ಯೋ ತಂಗಿ, ಇದನ್ನು ಓದಿ ಹೊಟ್ಟೆ ಚುರುಕ್ ಎಂದಿತು. ಕರೆವ್ವ ಮೊದಲು ಎಲ್ಲಕ್ಕೂ ಮೇಲಿದ್ದಳು. ಬುಟ್ಟಿಯಿಂದ ಬಿಟ್ಟ ಮೇಲೆ ಗಿರಿರಾಜಗಳೂ ಓಡಿಸುತ್ತಿವೆ. ಮೇವಿಗೆ ಕೊನೆಯವಳು. ನಾನೇ ಮಾಡಿದ್ದು.

ಹುಲಕೋಟಿ ಶೇಂಗಾ, ಏಪ್ರಿಲ್ 18, ಬೆಳಿಗ್ಗೆ 6.20

ತಟ್ಟೆ ಎರಡು ಮಾಡಿ, ಎರಡನೆಯದು ಕರಿಬೇವಿನ ಗಿಡದ ಹತ್ತಿರ ಇರಲಿ. ಅವಳ ದಾರಿ ಅವಳು ನೋಡಿಕೊಳ್ಳುತ್ತಾಳೆ. ಹುಂಜ ಕೆದರಿದ ಎರಡಕ್ಕೆ ದಪ್ಪ ಬಟ್ಟೆಯ ಅಂಗಿ ಹೊಲಿದು ಹಾಕಿ, ರೆಕ್ಕೆಯ ಬುಡಕ್ಕೆ ಇಲಾಸ್ಟಿಕ್ ಬರುವ ಹಾಗೆ, ಒಂದು ತಿಂಗಳು ಸಾಕು. ಹುಂಜ ಮಕ್ಕಳ ಮೇಲೆ ಹಾರುತ್ತದೆಯೇ?

ಮಾಳಮಡ್ಡಿ ಹಿತ್ತಲು, ಏಪ್ರಿಲ್ 20, ಮಧ್ಯಾಹ್ನ 12.00

ಇಲ್ಲ ಕಾಕಾ, ಹುಂಜ ಮನುಷ್ಯರ ಮಟ್ಟಿಗೆ ಸಭ್ಯ. ಅಂಗಿ ಆಯಿತು. ಅತ್ತೆಯವರು ಪೆಟ್ಟಿಗೆಯ ತಳದಿಂದ ಹಳೆಯ ಗುಳೇದಗುಡ್ಡ ಖಣದ ಕುಪ್ಪಸ ತೆಗೆದು ಕೊಟ್ಟರು, ಮಗಳು ಹೊಲಿದಳು. ಹಸಿರು ಖಣ, ಕೆಂಪು ಅಂಚು. ಹಾಕಿದ ತಕ್ಷಣ ಎರಡೂ ಕೋಳಿ ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ಹಾಯ್ದವು. ಅರ್ಧ ತಾಸಿನಲ್ಲಿ ಮರೆತವು. ಓಣಿಯ ಹೆಂಗಸರು ಸೀಮಂತವೇ ಎಂದು ಕೇಳಿಕೊಂಡು ಹೋದರು.

ಮೇವಿಗೆ ಈಗ ಜೋಳದ ಜೊತೆಗೆ ಶೇಂಗಾ ಹಿಂಡಿ, ಅಂಗಡಿಯ ಮೊಟ್ಟೆಕೋಳಿ ಮೇವು ಅರ್ಧಕ್ಕರ್ಧ. ಇಂದು ನಾಲ್ಕು ತತ್ತಿ.

ಹುಲಕೋಟಿ ಶೇಂಗಾ, ಏಪ್ರಿಲ್ 20, ರಾತ್ರಿ 8.00

ಹಿಂಡಿಯನ್ನು ಮೂಸಿ ನೋಡಿ ಕೊಳ್ಳಿ. ಬೂಸಲು ಹಿಡಿದದ್ದಾದರೆ ವಿಷ, ಯಕೃತ್ತು ಹೋಗುತ್ತದೆ. ಶೇಂಗಾ ಬೆಳೆಯುವವನೇ ಹೇಳುತ್ತಿದ್ದೇನೆ.

ಮಾಳಮಡ್ಡಿ ಹಿತ್ತಲು, ಮೇ 13, ರಾತ್ರಿ 8.50

ಬಹಳ ದಿನಗಳ ಮೇಲೆ ಬರೆಯುತ್ತಿದ್ದೇನೆ. ಅಡ್ಡಮಳೆ ಎರಡು ಸಲ ಹೊಡೆಯಿತು, ಸೆಕೆ ಇಳಿಯಿತು. ದಿನಕ್ಕೆ ಆರು ತತ್ತಿ, ಸಿಪ್ಪೆ ಗಟ್ಟಿ. ಒಡೆದದ್ದು ಇಡೀ ತಿಂಗಳಲ್ಲಿ ಎರಡು.

ಹೊಸ ಸಮಸ್ಯೆ. ಕರೆವ್ವ ಮೂರನೆಯ ಪೆಟ್ಟಿಗೆಯಲ್ಲಿ ಕುಳಿತವಳು ಏಳುತ್ತಿಲ್ಲ. ಕೈ ಹಾಕಿದರೆ ಮೈ ಉಬ್ಬಿಸಿ ಗುರ್ರೆನ್ನುತ್ತಾಳೆ. ಎದೆಯ ಪುಕ್ಕ ತಾನೇ ಕಿತ್ತುಕೊಂಡಿದ್ದಾಳೆ. ಕಾವು ಬಿಡಿಸಲು ಮೂಗಿನ ತೂತಿನಲ್ಲಿ ಪುಕ್ಕ ತೂರಿಸಬೇಕು ಎಂದು ಪಕ್ಕದ ಮನೆಯವರು ಹೇಳಿದರು. ನನಗೆ ಮನಸ್ಸಿಲ್ಲ.

ಗದಗ ಪಶು ವಿದ್ಯಾರ್ಥಿನಿ, ಮೇ 13, ರಾತ್ರಿ 9.30

ಪುಕ್ಕ ತೂರಿಸುವುದು, ನೀರಿನಲ್ಲಿ ಮುಳುಗಿಸುವುದು ಎರಡೂ ಬೇಡ ಅಕ್ಕ. ಬಿಡಿಸಲೇಬೇಕಾದರೆ ತಳಕ್ಕೆ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರದಲ್ಲಿಟ್ಟು ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಡಿ. ಹೊಟ್ಟೆಯ ಕೆಳಗೆ ಗಾಳಿ ಆಡಿದರೆ ಕಾವು ಇಳಿಯುತ್ತದೆ. ಆದರೆ ಬಿಡಿಸುವುದೇಕೆ? ಹುಂಜ ಇದೆ. ಗಿರಿರಾಜ ಕಾವಿಗೆ ಕೂರುವ ತಳಿಯಲ್ಲ, ಜವಾರಿ ಕೂರುತ್ತದೆ. ಅವಳ ಕೈಗೆ ಕೆಲಸ ಕೊಡಿ.

ಹುಲಕೋಟಿ ಶೇಂಗಾ, ಮೇ 14, ಬೆಳಿಗ್ಗೆ 5.50

ವಾರದೊಳಗಿನ ತತ್ತಿ, ಹತ್ತು ಹನ್ನೊಂದು, ಕತ್ತಲಾದ ಮೇಲೆ ಕೆಳಗೆ ಸರಿಸಿ. ಬೇರೆಯವು ಹೋಗದ ಮೂಲೆಯಲ್ಲಿಡಿ. ಮರಿ ಒಡೆದು ಒಂದು ವಾರಕ್ಕೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಕಣ್ಣಿನ ಹನಿ ಮರೆಯಬೇಡಿ.

ಮಾಳಮಡ್ಡಿ ಹಿತ್ತಲು, ಮೇ 14, ರಾತ್ರಿ 9.00

ಇಟ್ಟೆವು. ಹನ್ನೊಂದು ತತ್ತಿ. ಮಗಳು ಕ್ಯಾಲೆಂಡರ್‌ನಲ್ಲಿ ಜೂನ್ 4ಕ್ಕೆ ಗುಂಡು ಹಾಕಿದ್ದಾಳೆ. ಕಲಘಟಗಿಯ ಕಟ್ಟಿಗೆ ತತ್ತಿಯನ್ನು ತೆಗೆಯಲು ಹೋದರೆ ಕರೆವ್ವ ಕೈಗೇ ಕುಕ್ಕಿದಳು, ರಕ್ತ ಬಂತು. ಅದನ್ನೂ ಅವಳ ಕೆಳಗೇ ಬಿಟ್ಟಿದ್ದೇವೆ.